ವರದಿ: ಸಿದ್ದಾರ್ಥ

ಕಳ್ಳತನ ಮಾಡಿದವನನ್ನ ಕ್ಷಮಿಸಬಹುದು ಮಾರಾಯ್ರೆ. ಕದ್ದು, ಆಮೇಲೆ ಕಳ್ಕೊಂಡವಳನ್ನೇ ಕಳ್ಳಿ ಅಂತ ಊರಿಡೀ ಅನ್ನಿಸಿದವನನ್ನ ಎಂತಕ್ಕೆ ಕ್ಷಮಿಸಬೇಕು? ನಾನು ಕ್ಷಮಿಸಲಿಲ್ಲ. ಮಾಡಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ನಾನು ದೇವಕಿ. ಕೊಪ್ಪದಲ್ಲಿ 'ಮೂರೂರ ವಾರ್ತೆ' ಅಂತ ವಾರಪತ್ರಿಕೆ ನಡೆಸ್ತೀನಿ. ಮೂರೂರು ಅಂದ್ರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ. ಸುದ್ದಿ ತರೋದೂ ನಾನೇ, ಬರೆಯೋದೂ ನಾನೇ, ಟೈಪ್ ಮಾಡೋದೂ ನಾನೇ. ಪತ್ರಿಕೆ ಶುರು ಮಾಡಿದ ನಮ್ಮ ಮಾವನೋರು ಒಂದು ಪದ್ಧತಿ ಹಾಕಿಟ್ಟಿದ್ರು: ವರದಿ ಕೆಳಗೆ ಬರೆದವರ ಹೆಸರು ಇಲ್ಲ, ಒಳಗೆ ತಪ್ಪು ಮಾಡಿದವರ ಹೆಸರೂ ಇಲ್ಲ. "ಎಲ್ಲರೂ ಒಂದಲ್ಲ ಒಂದು ಕಡೆ ನೆಂಟರೇ, ನಾಳೆ ಮದುವೆ ಮನೇಲಿ ಒಂದೇ ಪಂಕ್ತೀಲಿ ಕೂರಬೇಕು" ಅಂತ. ಹಾಗಾಗಿ 'ವರ್ತಕರೊಬ್ಬರು', 'ಮುಖಂಡರೊಬ್ಬರು' ಅಂತಲೇ ಬರೀತಿದ್ವಿ. ಆ ಕಡೆಯವರಿಗೆ ಯಾರು ಅಂತ ಗೊತ್ತಾಗ್ತಿತ್ತು, ಅಷ್ಟೇ ಸಾಕಿತ್ತು.

ಇದು ಎರಡು ಸಾವಿರದ ಏಳನೇ ಇಸವಿ ಮಾತು. ನಮ್ಮ ಆಫೀಸಿಗೆ ಇಂಟರ್ನೆಟ್ ಇರಲಿಲ್ಲ. ಪ್ರತಿ ಬುಧವಾರ ಪುಟಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕ್ಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಇದ್ದ ಸಿದ್ದಾರ್ಥನ ಸೈಬರ್ ಸೆಂಟರಿಗೆ ಹೋಗ್ತಿದ್ದೆ. ಅವನು ಅದನ್ನ ಶಿವಮೊಗ್ಗದ ಪ್ರೆಸ್ಸಿಗೆ ಮೇಲ್ ಮಾಡ್ತಿದ್ದ. ಪತ್ರಿಕೆ ಅಚ್ಚಾಗಿ ಓದುಗರ ಕೈಗೆ ಬರೋದು ಶುಕ್ರವಾರ. "ಕೂತ್ಕೊಳ್ಳಿ ಅಕ್ಕ, ಚಾ ತರಿಸ್ಲಾ?" ಅಂತ ಬಾಯಲ್ಲಿ ಬೆಣ್ಣೆ. ನಾನೂ ಒಳ್ಳೆ ಹುಡುಗ ಅಂತ ತಿಳ್ಕೊಂಡು ಚಾ ಕುಡಿದು ಬರ್ತಿದ್ದೆ.

ಒಂದಿನ ಶೃಂಗೇರಿಯಲ್ಲಿ ಒಬ್ಬ ಮೇಷ್ಟ್ರು ಎಲ್ಲರ ಎದುರಿಗೇ ಕೇಳಿದ್ರು, "ಅಲ್ಲ ದೇವಕಿಯಮ್ಮ, ನೀವು ಇಂಟರ್ನೆಟ್ಟಲ್ಲಿ ಆ ಹುಡುಗ ಬರೆದದ್ದನ್ನ ನಿಮ್ಮ ಪೇಪರಲ್ಲಿ ಹಾಕ್ಕೊಳ್ತೀರಂತಲ್ಲ? ಅವನ ಹೆಸರಾದ್ರೂ ಹಾಕ್ಬಾರ್ದಾ?"

ಯಾವ ಹುಡುಗ ಅಂದೆ. ಅವರ ಮನೆ ಕಂಪ್ಯೂಟರಲ್ಲೇ ತೋರಿಸಿದ್ರು. ಆರ್ಕುಟ್‌ನಲ್ಲಿ ನಮ್ಮ ಕಡೆಯವರದ್ದೇ ಒಂದು ಕಮ್ಯುನಿಟಿ, ಈಗಿನ ಫೇಸ್‌ಬುಕ್ ಗ್ರೂಪ್ ಇದ್ದ ಹಾಗೆ. ಮುಂಬೈ, ದುಬೈಯಲ್ಲಿರೋರೆಲ್ಲ ಅಲ್ಲಿ ಸೇರಿದ್ದಾರೆ. ಬುಧವಾರ ಸಂಜೆಗೇ ನನ್ನ ವರದಿಗಳೆಲ್ಲ ಅಲ್ಲಿ ಹಾಜರ್. ಒಂದಕ್ಷರ ಆಚೀಚೆ ಇಲ್ಲ. ಪ್ರತಿಯೊಂದರ ಕೆಳಗೂ 'ವರದಿ: ಸಿದ್ದಾರ್ಥ'. ಅದರ ಕೆಳಗೆ ಹೊಗಳಿಕೆಯ ಹೊಳೆ. 'ನಿಮ್ಮಂಥ ಧೈರ್ಯವಂತ ಪತ್ರಕರ್ತರು ಬೇಕು' ಅಂತ ಒಬ್ಬ. 'ಪೆನ್ನು ಅಂದ್ರೆ ನಿಮ್ಮದು ಸಾರ್' ಅಂತ ಇನ್ನೊಬ್ಬ. ನಾನು ಕಮ್ಮರಡಿಯಿಂದ ಸಿರಿಮನೆವರೆಗೆ ಬಸ್ಸಲ್ಲಿ ನಿಂತು ಹೋಗಿ, ಬೈಸಿಕೊಂಡು, ನಾಯಿ ಅಟ್ಟಿಸಿಕೊಂಡು ತಂದ ಸುದ್ದಿ. ಪೆನ್ನು ಇವನದ್ದಂತೆ!

ಸೀದಾ ಅವನ ಅಂಗಡಿಗೆ ಹೋಗಿ ಉಗಿದೆ. ಅವನು ಮೌಸ್ ಆಡಿಸ್ತಾ ನಕ್ಕ.

"ಸುದ್ದಿಗೆ ಯಾರು ಅಕ್ಕ ಮಾಲೀಕರು? ಊರಲ್ಲಿ ನಡೆದದ್ದು ಊರಿನೋರದ್ದು. ನಿಮ್ಮದೇ ಅನ್ನೋದಾದ್ರೆ ನಿಮ್ಮ ಹೆಸರೆಲ್ಲಿದೆ ತೋರ್ಸಿ."

ವಕೀಲ ಸುಬ್ರಾಯರ ಹತ್ರ ಹೋದೆ. ಅವರು ಹೇಳಿದ್ರು, "ನಡೆದ ಘಟನೆ ಎಲ್ಲರದ್ದು ನಿಜ. ಅದನ್ನ ಬರೆದ ಬರವಣಿಗೆ ಬರೆದವರದ್ದೇ. ಹೆಸರಿಲ್ಲದಿದ್ರೂ ಹಕ್ಕು ಹೋಗೋದಿಲ್ಲ. ಕಾನೂನು ನಿನ್ನ ಕಡೆ ಇದೆ. ಕೇಸ್ ಹಾಕು, ಗೆಲ್ತೀಯ. ಅಷ್ಟೊತ್ತಿಗೆ ಇಬ್ಬರ ತಲೆಯೂ ಬೆಳ್ಳಗಾಗಿರುತ್ತೆ." ಅಷ್ಟರವರೆಗೆ ಊರವರ ಬಾಯಲ್ಲಿ ನಾನು ಕಳ್ಳಿ. ತಾಳಿದವನು ಬಾಳಿಯಾನು ಅಂತಾರಲ್ಲ, ಆ ಗಾದೆ ಮಾಡಿದವನು ಪತ್ರಿಕೆ ನಡೆಸಿರಲಿಕ್ಕಿಲ್ಲ.

ಆದ್ರೂ ಪೆನ್ ಡ್ರೈವ್ ಅವನಿಗೇ ಕೊಡ್ತಾ ಇದ್ದೆ. ಒಂದು ವಿಷಯ ಗಮನಿಸಿದ್ದೆ ನೋಡಿ. ಅವನು ನನ್ನ ಅಕ್ಷರಗಳನ್ನ ಇಂಟರ್ನೆಟ್ಟಿಗೆ ಹೊಂದೋ ಹಾಗೆ ಒಂದು ಬಟನ್ ಒತ್ತಿ ಬದಲಾಯಿಸ್ತಿದ್ದ, ಹೆಸರು ಸೇರಿಸ್ತಿದ್ದ, ಹಾಕ್ತಿದ್ದ. 'ಮುಂದಿನ ಪುಟ ನೋಡಿ' ಅನ್ನೋ ಸಾಲನ್ನೂ ಹಾಗೇ ಬಿಟ್ಟಿರ್ತಿದ್ದ. ಪುಣ್ಯಾತ್ಮ ಓದ್ತಾನೇ ಇರಲಿಲ್ಲ! ಅವತ್ತೇ ತೀರ್ಮಾನ ಮಾಡಿದೆ, ಕೋರ್ಟು ಬೇಡ, ಇವನನ್ನ ನಾನೇ ನೋಡ್ಕೊಳ್ತೀನಿ.

ಆಗ್ಗೆ ಅವನ ನಿಶ್ಚಿತಾರ್ಥ ಆಯ್ತು. ಹುಡುಗಿ ಶಿಲ್ಪಶ್ರೀ, ಶಿವಮೊಗ್ಗದಲ್ಲಿ ಬಿ.ಎಡ್. ಓದ್ತಿದ್ಲು. ಅಪ್ಪ ಜಯದೇವಪ್ಪ, ಬಾಳೆಹೊನ್ನೂರು ರಸ್ತೆಯಲ್ಲಿ ದೊಡ್ಡ ವ್ಯಾಪಾರಸ್ಥ. ಮಾವನ ಜೀಪಲ್ಲಿ ಇವನ ಮೆರವಣಿಗೆಯೇ ಮೆರವಣಿಗೆ. ನಾನು ಬಸ್ಸು ಹತ್ತಿ ಆ ಬೀಗರ ಊರಿಗೆ ಹೋದೆ. ಏನಾದ್ರೂ ಇದ್ದೇ ಇರುತ್ತೆ ಅಂತ ಗೊತ್ತಿತ್ತು, ಹುಡುಕಿದೆ, ಸಿಕ್ತು. ಜಯದೇವಪ್ಪ ಹೊಸದಾಗಿ ಕೊಂಡ ಜಾಗಕ್ಕೆ ಬೇಲಿ ಹಾಕಿಸುವಾಗ ಸ್ಮಶಾನಕ್ಕೆ ಹೋಗೋ ದಾರಿಯನ್ನೂ ಒಳಗೆ ಸೇರಿಸಿಕೊಂಡಿದ್ದ. ಪುಟ್ಟಕ್ಕ ಅನ್ನೋ ಮುದುಕಿ ತೀರಿಕೊಂಡಾಗ ಗೇಟು ತೆಗೀಲಿಲ್ಲ. ಹೆಣವನ್ನ ಕೆಸರುಗದ್ದೆಯಲ್ಲಿ ಹೊತ್ತುಕೊಂಡು ಹೋಗಿದ್ರು, ನಡುವೆ ಚಟ್ಟ ಜಾರಿ ಬಿದ್ದಿತ್ತು. ಹೊತ್ತವರನ್ನೆಲ್ಲ ಮಾತಾಡಿಸಿದೆ. ಒಂದು ಮಾತೂ ಸುಳ್ಳಿಲ್ಲದ ಹಾಗೆ ಬರೆದೆ. ಹೆಸರಿಲ್ಲ, 'ಹಸಿರು ಗೇಟಿನ ವರ್ತಕರೊಬ್ಬರು' ಅಷ್ಟೇ. ತಲೆಬರಹ 'ಹೆಣಕ್ಕೂ ದಾರಿ ಕೊಡದವರು'.

ಬುಧವಾರ ಪೆನ್ ಡ್ರೈವ್ ಕೊಟ್ಟು, ಚಾ ಕುಡಿದು ಬಂದೆ. ಅವತ್ತಿನ ಚಾಕ್ಕೆ ಎಂಥಾ ರುಚಿ ಅಂತೀರಿ!

ಸಂಜೆಗೆ ಹಾಕಿದ್ದ. ವರದಿ: ಸಿದ್ದಾರ್ಥ. ಹಸಿರು ಗೇಟು ಯಾರದ್ದು ಅಂತ ಆ ಕಡೆಯ ಹುಡುಗರೇ ಕೆಳಗೆ ಬರೆದ್ರು. ಗುರುವಾರ ಬೆಳಿಗ್ಗೆ ಜಯದೇವಪ್ಪನ ಅಣ್ಣನ ಮಗ ಬೆಂಗಳೂರಿಂದ ಫೋನ್ ಮಾಡಿ ಪೂರ್ತಿ ಓದಿ ಹೇಳಿದನಂತೆ. ಮಧ್ಯಾಹ್ನಕ್ಕೆ ಜೀಪು ಸೈಬರ್ ಸೆಂಟರ್ ಮುಂದೆ ನಿಂತಿತ್ತು. "ಹೆಣ್ಣು ಕೊಡೋಕೆ ಹೊರಟವನ ಮಾನ ಹರಾಜು ಹಾಕ್ತೀಯೇನೋ?" ಅಂತ ಜಯದೇವಪ್ಪ ಕೂಗಿದ್ದು ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸ್ತು. 'ನಾನು ಬರೆದದ್ದಲ್ಲ, ಅದು ಪೇಪರಿಂದು' ಅಂತ ಇವನು ಗೋಗರೆದ. ಜಯದೇವಪ್ಪ ಬಿಡಲಿಲ್ಲ, "ಪೇಪರಿನೋಳು ನಿಂದನ್ನ ನೋಡಿ ಬರೀತಾಳೆ ಅಂತ ನೀನೇ ಹೇಳಿದ್ಯಲ್ಲೋ! ಪೇಪರ್ ಬರೋದು ನಾಳೆ, ನೀನು ಹಾಕಿದ್ದು ನಿನ್ನೆ!"

ಮಾಡಿದ್ದುಣ್ಣೋ ಮಹಾರಾಯ.

ಅವತ್ತೇ ಸಂಜೆ ನನ್ನ ಆಫೀಸಿಗೆ ಓಡಿ ಬಂದ. ಮುಖ ಹುಳಿ ಹಿಂಡಿದ ಹಾಗಿತ್ತು. "ಅಕ್ಕಾ, ದಮ್ಮಯ್ಯ, ಅದು ನೀವು ಬರೆದದ್ದು ಅಂತ ಒಂದು ಮಾತು ಅವರಿಗೆ ಹೇಳಿ. ಮದುವೆ ಮುರೀತದೆ."

"ಊರಲ್ಲಿ ನಡೆದದ್ದು ಊರಿನೋರದ್ದು ಅಲ್ವನಾ?" ಅಂದೆ.

ಕಾಲಿಗೆ ಬಿದ್ದ. ನಾನು ಷರತ್ತು ಹಾಕಿದೆ. ಮೊದಲು ಅವನ ಕಮ್ಯುನಿಟಿಯಲ್ಲಿ ಬರೀಬೇಕು, 'ಈವರೆಗೆ ಹಾಕಿದ್ದೆಲ್ಲ ದೇವಕಿ ಬರೆದದ್ದು, ಕೇಳದೆ ಕದ್ದು ನನ್ನ ಹೆಸರು ಹಾಕ್ಕೊಂಡೆ' ಅಂತ. ಅವನ ಅಂಗಡಿಯಲ್ಲಿ ಅವನ ಬೆನ್ನ ಹಿಂದೆ ನಿಂತು ಬರೆಸಿದೆ. 'ಕದ್ದು' ಅನ್ನೋದರ ಬದಲು 'ಬಳಸಿಕೊಂಡು' ಅಂತ ಹಾಕೋಕೆ ನೋಡಿದ. ಅಳಿಸು ಅಂದೆ, ಅಳಿಸಿದ. ಮೇಷ್ಟ್ರಿಗೆ ಫೋನ್ ಮಾಡಿ ಓದಿ ಅಂದೆ. ಅವರು ಕ್ಷಮೆ ಕೇಳಿದ್ರು. ಎದೆ ತುಂಬಾ ಉಸಿರು ಎಳ್ಕೊಂಡು ಎಷ್ಟೋ ಕಾಲ ಆಗಿತ್ತು.

ಶನಿವಾರ ಜಯದೇವಪ್ಪನೇ ಬಂದ, ನನ್ನ ಬಾಯಿಂದಲೇ ಕೇಳಬೇಕಂತೆ. ಹಿಂದೆ ಸಿದ್ದಾರ್ಥ, ಅವನ ಹಿಂದೆ ಶಿಲ್ಪಶ್ರೀ. ಬರೆದದ್ದು ನಾನೇ, ಇವನಿಗೆ ಅದರಲ್ಲಿ ಏನಿದೆ ಅಂತಲೂ ಗೊತ್ತಿರಲಿಲ್ಲ ಅಂದೆ. ಬೈತಾನೆ ಅಂತ ಸೆರಗು ಕಟ್ಟಿ ನಿಂತಿದ್ದೆ. ನನ್ನನ್ನ ಒಂದು ಸಲ ದುರುಗುಟ್ಟಿ ನೋಡಿದ, ಆಮೇಲೆ ಅಳಿಯನ ಬೆನ್ನಿಗೆ ತಟ್ಟಿ ನಕ್ಕ.

"ಕದ್ದದ್ದು ತಾನೇ? ಬರೆದಿಲ್ವಲ್ಲ, ಸಾಕು. ವ್ಯಾಪಾರ ಬಲ್ಲ ಹುಡುಗ. ನಡಿ, ಲಗ್ನಪತ್ರಿಕೆ ಕೆಲಸ ನೋಡಣ."

ಇಷ್ಟಕ್ಕಾ ನಾನು ಇಷ್ಟೆಲ್ಲ ಮಾಡಿದ್ದು? ಸಿದ್ದಾರ್ಥನ ಮುಖದಲ್ಲಿ ಆಗಲೇ ಹಳೇ ನಗು ವಾಪಸ್ ಬರ್ತಿತ್ತು.

ಶಿಲ್ಪಶ್ರೀ ಕದಲಲಿಲ್ಲ. "ಅಪ್ಪಯ್ಯ, ಒಂದ್ನಿಮಿಷ" ಅಂದ್ಲು. ಅವನ ಕಡೆ ತಿರುಗಿ, "ಪುಟ್ಟಕ್ಕ ಯಾರು ಗೊತ್ತಾ ನಿಮಗೆ?" ಅಂದ್ಲು. ಅವನು ನನ್ನ ಮುಖ ನೋಡಿದ, ಉತ್ತರ ನನ್ನ ಹತ್ರ ಇರುತ್ತೆ ಅನ್ನೋ ಹಾಗೆ.

"ನನ್ನ ಎತ್ತಿ ಆಡಿಸಿದೋಳು. ಅವಳ ಹೆಣ ಗದ್ದೇಲಿ ಬಿತ್ತು. ನಮ್ಮನೇಲಿ ಯಾರೂ ತುಟಿ ಬಿಚ್ಚಲಿಲ್ಲ, ನಾನೂ ಬಿಚ್ಚಲಿಲ್ಲ. ನಿಶ್ಚಿತಾರ್ಥದ ಉಂಗುರ ನಿಶ್ಚಿತಾರ್ಥದ ದಿನವೇ ಬೆರಳಿಂದ ತೆಗೆದು ಪೆಟ್ಟಿಗೇಲಿ ಇಟ್ಟಿದ್ದೆ, ನನಗೆ ಈ ಮದುವೆ ಬೇಕಿರಲಿಲ್ಲ. ಬುಧವಾರ ಸಂಜೆ ಕಾಲೇಜಿನ ಕಂಪ್ಯೂಟರಲ್ಲಿ ಆ ವರದಿ ಓದ್ದೆ, ಕೆಳಗೆ ನಿಮ್ಮ ಹೆಸರಿತ್ತು. ಮಾವನಾಗೋನು ಅಂತಲೂ ನೋಡದೆ ಬರೆದಿದಾರಲ್ಲ ಅಂತ ಅತ್ತುಬಿಟ್ಟೆ. ಹಾಸ್ಟೆಲ್ ರೂಮಿಗೆ ಹೋಗಿ ಉಂಗುರ ನಾನೇ ಹಾಕ್ಕೊಂಡೆ."

ಉಂಗುರ ತೆಗೆದು ಅವನ ಕೈಗೆ ಕೊಟ್ಟಳು. "ಇದು ಅದನ್ನ ಬರೆದವರಿಗೆ ಅಂತ ಹಾಕ್ಕೊಂಡದ್ದು" ಅಂದ್ಲು, ಮೆಟ್ಟಿಲಿಳಿದು ಅಪ್ಪನ ಜೀಪು ಬಿಟ್ಟು ಬಸ್ ಸ್ಟ್ಯಾಂಡ್ ಕಡೆ ಹೋದಳು. ಜಯದೇವಪ್ಪ ಅವಳ ಹೆಸರು ಕೂಗ್ತಾ ಹಿಂದೆ ಓಡಿದ.

ಸಿದ್ದಾರ್ಥ ಅಲ್ಲೇ ನಿಂತಿದ್ದ. ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ.

"ಅಕ್ಕಾ, ಇನ್ನೂ ಬಸ್ ಬಂದಿಲ್ಲ, ಅವಳು ಸಿಗ್ತಾಳೆ. ನಿಮ್ಮ ದಮ್ಮಯ್ಯ, ಅದನ್ನ ಬರೆದದ್ದು ನಾನೇ ಅಂತ ಹೇಳಿ. ಅದೊಂದನ್ನ ನನಗೆ ಕೊಟ್ಬಿಡಿ."

ಮೊದಲ ಸಲ ಕೇಳಿದ್ದ, ಕದಿಯದೆ.

"ಇಲ್ಲ ಮಾರಾಯ, ಅದು ನಂದು" ಅಂದೆ.