ಮೊದಲ ಪುಟದ ಚಿತ್ರ

ಹಜಾರದ ಕುರ್ಚಿಗಳನ್ನು ಅವಳು ಒಂದೊಂದಾಗಿ ಒರೆಸುತ್ತಿದ್ದಳು. ಯಾರೂ ಹೇಳಿರಲಿಲ್ಲ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ತಲೆ ಎತ್ತಿದರೆ ನಡುವೆ ಮಲಗಿಸಿದ್ದ ಮೇಷ್ಟ್ರ ಮುಖ ಕಾಣುತ್ತಿತ್ತು.

ಮೇಷ್ಟ್ರು ಶಾಲೆಯಲ್ಲಿ ಕಲಿಸಿದವರಲ್ಲ. ಸಂಶೋಧನಾಲಯದ ಸ್ಕ್ಯಾನ್ ಯಂತ್ರವನ್ನು ಇಪ್ಪತ್ತೆರಡು ವರ್ಷ ನಡೆಸಿದ ತಂತ್ರಜ್ಞ. ಅಲ್ಲಿಗೆ ಬಂದ ಅವಳಂಥ ಎಳೆಯ ವಿಜ್ಞಾನಿಗಳೆಲ್ಲ ಅವರ ಕೈಯಲ್ಲೇ ಪಳಗಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಮೊನ್ನೆ ಬೆಳಗ್ಗೆ ಯಂತ್ರದ ಮುಂದೆಯೇ ಕುಸಿದು ತೀರಿಕೊಂಡರು. ತಲೆಯೊಳಗಿನ ರಕ್ತನಾಳ ಒಡೆದಿತ್ತು ಎಂದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿಯಿತು.

"ಏನೇ ಗುಬ್ಬಿ," ಜೊತೆಯಲ್ಲಿ ಕೆಲಸ ಮಾಡುವ ಗೆಳೆಯ ಬಳಿ ಬಂದು ಪಿಸುಗುಟ್ಟಿದ. "ಫೆಲೋಶಿಪ್ ಪತ್ರ ಬಂತಂತೆ? ಐದು ವರ್ಷ ಚಿಂತೆಯಿಲ್ಲ ಬಿಡು. ಹೊತ್ತಲ್ಲದ ಹೊತ್ತಲ್ಲಿ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡ."

"ಮೆಲ್ಲಗೆ ಮಾತಾಡೋ."

"ಮೇಷ್ಟ್ರು ಇದ್ದಿದ್ರೆ ಕುಣಿದುಬಿಡ್ತಿದ್ರು. ನಿನ್ನ ಅರ್ಜಿಯ ಮೊದಲ ಪುಟದಲ್ಲಿರೋದು ಅವರ ತಲೆನೇ ಅಲ್ವಾ?"

ಅವಳು ಮುಂದಿನ ಕುರ್ಚಿಗೆ ಸರಿದಳು.

*

ಯಾರೇ ಸ್ಕ್ಯಾನಿನ ಹೊಸ ವಿಧಾನ ರೂಪಿಸಲಿ, ಅದರ ಪರೀಕ್ಷೆಗೆ ಮೊದಲಿಗರಾಗಿ ಯಂತ್ರದೊಳಗೆ ಮಲಗುತ್ತಿದ್ದವರು ಮೇಷ್ಟ್ರೇ. ಗಡಿಯಾರ, ಬೆಲ್ಟು ಬಿಚ್ಚಿಟ್ಟು, ಕಟ್ಟಿಸಿದ ಹಲ್ಲನ್ನು ಲೋಟದಲ್ಲಿ ಹಾಕಿ, ಬೊಚ್ಚುಬಾಯಲ್ಲಿ ನಗುತ್ತಿದ್ದರು.

"ಈ ತಲೆ ಎಷ್ಟು ಜನಕ್ಕೆ ಅನ್ನ ಹಾಕಿದೆ ಗೊತ್ತೇನಮ್ಮ? ಒಳಗೆ ಬರೀ ಹೊಟ್ಟು ಅಂತಾಳೆ ನಮ್ಮನೆಯವಳು. ಸರಿಯಾಗಿ ನೋಡಿ ಹೇಳು."

ಎರಡು ತಿಂಗಳ ಹಿಂದೆ ತನ್ನ ವಿಧಾನದ ಸರದಿ ಬಂದ ದಿನ ಅವಳು ನೋಡಿದಳು. ಕೂದಲೆಳೆಯಂಥ ರಕ್ತನಾಳಗಳೂ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿದ್ದವು. ಅಲ್ಲೊಂದು ಕವಲಿನಲ್ಲಿ ಮೆಣಸಿನ ಕಾಳಿನಷ್ಟು ಉಬ್ಬು. ಓಡಿಹೋಗಿ ಮಾರ್ಗದರ್ಶಕಿಗೆ ತೋರಿಸಿದಳು.

"ನಿನ್ನ ವಿಧಾನ ಇನ್ನೂ ಹಸುಗೂಸು. ಅದರದ್ದೇ ತಪ್ಪಿರಬೇಕು," ಎಂದರು ಮೇಡಂ. "ಈಗ ಬಾಯಿಬಿಟ್ರೆ ಸಂಸ್ಥೆಯವರು ವಿಚಾರಣೆ ಅಂತ ಎಲ್ಲಾ ನಿಲ್ಲಿಸ್ತಾರೆ. ಶುಕ್ರವಾರ ಫೆಲೋಶಿಪ್ ಅರ್ಜಿಗೆ ಕೊನೇ ದಿನ. ಮುಂದಿನ ವರ್ಷಕ್ಕೆ ನಿನ್ನ ವಯಸ್ಸು ದಾಟುತ್ತೆ. ಆಮೇಲೆ ನೋಡೋಣ."

ವಿಧಾನ ಎಷ್ಟು ನಿಖರ ಎಂದು ತೋರಿಸಲು ಅವಳು ಅರ್ಜಿಗೆ ಅದೇ ಚಿತ್ರ ಅಂಟಿಸಿದಳು. ಉಬ್ಬಿದ ಭಾಗವನ್ನು ಮಾತ್ರ ಚೌಕಟ್ಟಿನಿಂದ ಆಚೆ ಬಿಟ್ಟಳು.

"ಹೇಗಿದೆಯಮ್ಮ ನನ್ನ ಬುರುಡೆ?"

"ಚೆನ್ನಾಗಿದೆ ಮೇಷ್ಟ್ರೇ."

ಶುಕ್ರವಾರ ಕಳೆಯಿತು. ಆಮೇಲೆ ಎಂಟು ಶುಕ್ರವಾರಗಳು ಕಳೆದವು. ಇಂದು ಹೇಳುತ್ತೇನೆ ಎಂದು ಹೋಗುವಳು; ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾರೆಂದು ಹಿಂದಿರುಗುವಳು. ತಡವಾದಷ್ಟೂ ಬಾಯಿಯ ಬೀಗ ಬಿಗಿಯಾಯಿತು.

*

ಮೇಡಂ ಹಜಾರಕ್ಕೆ ಬಂದವರೇ ಅವಳ ಮೊಣಕೈ ಹಿಡಿದು ಗೋಡೆ ಬದಿಗೆ ಎಳೆದರು.

"ಆ ಫೈಲು ಇನ್ನೂ ಇದೆಯಾ?"

"ಇದೆ."

"ಯಾರಿಗಾದ್ರೂ ತೋರಿಸಿದೀಯಾ?"

"ಇಲ್ಲ ಮೇಡಂ. ನಂಗೆ ಭಯ ಆಗ್ತಿದೆ."

"ನಂಗೇನು ಆಗ್ತಿಲ್ವಾ? ಸುಮ್ನಿರು. ಇಬ್ಬರ ತಲೆಯೂ ಉರುಳುತ್ತೆ."

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಎದ್ದು ಇವರತ್ತಲೇ ಬಂದರು. ಹಿಂದೆಯೇ ಮಗಳು.  ಗೆಳೆಯ ಕುರ್ಚಿ ಎಳೆದು ಕೊಟ್ಟ. ಆಕೆ ಕೂರಲಿಲ್ಲ.

"ನೀವೆಲ್ಲ ಬಂದಿದ್ದು ಒಳ್ಳೇದಾಯ್ತು. ಮನೇಲಿ ಬರೀ ನಿಮ್ಮದೇ ಸುದ್ದಿ ಅವ್ರಿಗೆ. ಆ ಮಗು ಪಾಸಾಯ್ತು, ಈ ಮಗುಗೆ ಕೆಲಸ ಸಿಕ್ತು ಅಂತ." ಸೆರಗಿನಿಂದ ಮೂಗೊರೆಸಿಕೊಂಡರು. "ಈ ರಕ್ತನಾಳದ ತೊಂದ್ರೆ ಕೆಲವು ಮನೆತನದಲ್ಲಿ ಬರುತ್ತಂತೆ. ಮಗಳಿಗೂ ಒಂದು ತಿಂಗಳಿಂದ ತಲೆನೋವು. ಅಪ್ಪನ ತಲೆಯ ಸ್ಕ್ಯಾನ್ ಚಿತ್ರ ಇದ್ರೆ ತನ್ನಿ, ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ ಅಂದ್ರು ಡಾಕ್ಟ್ರು."

ಮೇಡಂ ಕೈಚೀಲದ ಜಿಪ್ಪನ್ನು ಎಳೆದು ಮುಚ್ಚಿದರು, ಮತ್ತೆ ತೆರೆದರು. ಗೆಳೆಯ ಅವಳ ಮುಖವನ್ನೇ ನೋಡುತ್ತಿದ್ದ. ಮಗಳು ಎರಡು ಬೆರಳಿನಿಂದ ಹಣೆಯ ಬದಿಯನ್ನು ಒತ್ತಿಕೊಂಡು ನಿಂತಿದ್ದಳು.

"ನಮ್ಮನೆಯವ್ರ ತಲೇದು ಕೊನೇ ಸಲ ತೆಗೆದ ಚಿತ್ರ ಯಾರ ಹತ್ರ ಇದೆಯೋ, ಕೊಡಿ."