ಎರಡು ಕೆಂಪು ಬಾಣ

ಸುವರ್ಣಮ್ಮನ ಹೆಣಕ್ಕೆ ನೀರು ಹಾಕಲೆಂದು ಸೀರೆ ಸಡಿಲಿಸುತ್ತಿದ್ದಾಗ ಸೊಂಟದಲ್ಲಿ ಸಿಕ್ಕಿಸಿದ್ದ ಎಲೆಯಡಿಕೆ ಚೀಲ ಕವನಾಳ ಕಾಲ ಬಳಿ ಬಿತ್ತು. ಒಳಗೆ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಎರಡು ಕೆಂಪು ಬಾಣಗಳಷ್ಟೇ ಉಳಿದಿದ್ದ ಸ್ಟಿಕ್ಕರ್ ಹಾಳೆಯೊಂದಿತ್ತು.

“ಏನವ್ವ ಅದು?” ಸುವರ್ಣಮ್ಮನ ನಾದಿನಿ ಮಾದಮ್ಮ ಕೇಳಿದಳು.

“ತಪ್ಪು ತೋರ್ಸೋ ಬಾಣ ಕಣತ್ತೆ. ಬಟ್ಟೇಲಿ ಒಲಿಗೆ ಬಿಟ್ಟಿದ್ ಕಡೆ ಅಂಟುಸ್ತಿದ್ಲು.”

ಹಾಸನದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸುವರ್ಣಮ್ಮ ಹದಿನಾರು ವರ್ಷ ಚೆಕ್ಕರ್ ಆಗಿದ್ದವಳು. ಕವನಾ ಅಲ್ಲೇ ಟೈಲರ್. ತಮ್ಮೂರು ಮೊಸಳೆಯಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗಿಬರುತ್ತಿದ್ದರು. ಕವನಾ ಹಾಳೆಯನ್ನು ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು.

*

ಕೆಲಸಕ್ಕೆ ಸೇರಿದ ವಾರ ಕವನಾಳ ಹನ್ನೊಂದು ಅಂಗಿಗಳಿಗೆ ಬಾಣ ಬಿದ್ದಿತ್ತು. ಅವಳು ಬಚ್ಚಲಿಗೆ ಹೋಗಿ ಅತ್ತಳು. ಸುವರ್ಣಮ್ಮ ಹಿಂದೆಯೇ ಬಂದಳು.

“ಬಾಣ ಬಟ್ಟೆಗೆ ಕಣೇ, ನಿಂಗಲ್ಲ. ಅಳ್ತಾ ಕೂತ್ರೆ ಕಾಲರ್ ನೆಟ್ಟಗಾಯ್ತದಾ? ಬಾ, ತೋರುಸ್ತೀನಿ.”

ಊಟದ ಹೊತ್ತೆಲ್ಲ ಪಕ್ಕದಲ್ಲಿ ಕೂತು ತೋರಿಸಿಕೊಟ್ಟಳು. ತಿಂಗಳಾದ ಮೇಲೆ, ಸುವರ್ಣಮ್ಮ ಪಾಸ್ ಮಾಡಿದ್ದ ಅಂಗಿಯೊಂದರಲ್ಲೇ ಕವನಾಳಿಗೆ ತಪ್ಪು ಕಂಡಿತು. ಹೆದರುತ್ತಲೇ ತೋರಿಸಿದಳು.

“ಅಯ್ಯೋ, ನನ್ ಕಣ್ಗೇನ್ ಮಂಕು ಬಡ್ದಿತ್ತೇ!” ಎಂದು ಸುವರ್ಣಮ್ಮ ಒಂದು ಬಾಣ ಕಿತ್ತು ತನ್ನ ರವಿಕೆಯ ತೋಳಿಗೇ ಅಂಟಿಸಿಕೊಂಡಳು. ಸಂಜೆ ಬಸ್ಸಿನಲ್ಲೂ ಅದನ್ನು ತೆಗೆದಿರಲಿಲ್ಲ.

*

ನಾಲ್ಕು ತಿಂಗಳ ಹಿಂದೆ ಮ್ಯಾನೇಜರ್ ಗೌರೀಶಂಕರ ಮೀಟಿಂಗ್ ಕರೆದರು. “ಮನಸ್ಸಿನಲ್ಲಿರೋದನ್ನ ಬಿಚ್ಚಿ ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಎದ್ದು ನಿಂತವಳು ಸುವರ್ಣಮ್ಮ ಒಬ್ಬಳೇ.

“ಸಾ, ಬಚ್ಚಲಿಗೆ ಎದ್ದೋದ್ರೆ ನೀವು ಬೈತೀರ ಅಂತ ಈ ಎಣ್ಮಕ್ಳು ನೀರೇ ಕುಡಿಯಲ್ಲ. ನೀವು ಇಂದೆ ಬಂದ್ ನಿಂತ್ರೆ ಕೈ ನಡುಗ್ತದೆ, ಒಲಿಗೆ ಬಿಡ್ತದೆ. ನಾನು ಅಂಗಿಗೆ ಬಾಣ ಅಂಟುಸ್ತೀನಿ. ಆದ್ರೆ ತಪ್ಪಿರಾದು ಅಂಗಿಲಲ್ಲ ಸಾ.”

ಗೌರೀಶಂಕರ ನಕ್ಕರು. “ಬೇರೆ ಯಾರಿಗಾದ್ರೂ ಹೀಗೆ ಅನ್ಸುತ್ತಾ?”

ಸುವರ್ಣಮ್ಮ ತಿರುಗಿ ಕವನಾಳನ್ನು ನೋಡಿದಳು. ಕವನಾ ತನ್ನ ಕಾಲುಂಗುರ ನೋಡುತ್ತ ಕೂತಳು.

ಮಾರನೆಯ ದಿನವೇ ಸುವರ್ಣಮ್ಮನನ್ನು ಇಸ್ತ್ರಿ ವಿಭಾಗಕ್ಕೆ ಹಾಕಿದರು. ಮೊದಲೇ ದಮ್ಮಿನವಳು, ದಿನವಿಡೀ ಹಬೆಯಲ್ಲಿ ನಿಲ್ಲಬೇಕು. “ಆಗಲ್ಲ ಸಾ” ಎಂದು ಎರಡು ಸಲ ಕೇಳಿಕೊಂಡಳು. ಯಾರು ಕೇಳಿಸಿಕೊಂಡರು? ನಿನ್ನೆ ಮಧ್ಯಾಹ್ನ ಇಸ್ತ್ರಿ ಮೇಜಿನ ಮೇಲೆಯೇ ಕುಸಿದಳು.

*

ಹೆಣದ ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಕಾರು ಬಂತು. ಗೌರೀಶಂಕರ ದೊಡ್ಡ ಹಾರ ಹಾಕಿ, ಫೋಟೋ ತೆಗೆಸಿಕೊಂಡು, ಸುವರ್ಣಮ್ಮನ ಗಂಡ ಚೆನ್ನಯ್ಯನ ಕೈ ಹಿಡಿದರು.

“ನಮ್ಮ ಫ್ಯಾಕ್ಟರಿಗೆ ಹಿರಿಯಕ್ಕ ಇದ್ದ ಹಾಗೆ. ಹದಿನಾರು ವರ್ಷದಲ್ಲಿ ಒಂದೇ ಒಂದು ದೂರು ಹೇಳಿದವರಲ್ಲ.”

ಕವನಾಳಿಗೆ ಮೈಯೆಲ್ಲ ಉರಿದುಹೋಯಿತು. ಊರೆಲ್ಲ ಸುವರ್ಣಮ್ಮನ ಬಾಯಿಗೆ ಅಕ್ಕಿಕಾಳು ಹಾಕಿದರೆ ಇವನು ಸುಳ್ಳು ಹಾಕಲು ಬಂದಿದ್ದಾನೆ.

“ಏಳಿದ್ಲು ಸಾ,” ಎಂದಳು.

ತಮಟೆ ನಿಂತಿತು.

“ನೀವು ಕೇಳಿದ್ರಿ ಅಂತಲೇ ಏಳಿದ್ಲು. ಅದ್ಕೇ ಇಸ್ತ್ರಿಗಾಕುದ್ರಿ. ಬೇರೆ ಯಾರ್ಗಾದ್ರೂ ಅನ್ಸುತ್ತಾ ಅಂದ್ರಲ್ಲ, ನಂಗನ್ನುಸ್ತದೆ. ಅವತ್ತೂ ಅನ್ನುಸ್ತಿತ್ತು. ಬಾಯ್ ಮುಚ್ಕಂಡ್ ಕೂತಿದ್ದೆ, ನನ್ ಬಾಯ್ಗೆ ಮಣ್ಣಾಕ!”

“ಸುಮ್ಕಿರವ್ವ, ಕೆಲ್ಸ ಕಳ್ಕಂಡೀಯ,” ಚೆನ್ನಯ್ಯ ಅಳುತ್ತಲೇ ಹೇಳಿದ.

“ಓದ್ರೆ ಓಗ್ಲಿ ಬುಡಿ ಮಾವ.”

ಗೌರೀಶಂಕರ ದನಿ ತಗ್ಗಿಸಿದರು. “ನಾಳೆ ಆಫೀಸಿಗೆ ಬಾ, ಮಾತಾಡೋಣ.”

ಕವನಾ ಮುಷ್ಟಿ ಬಿಚ್ಚಿದಳು. ಒಂದು ಬಾಣ ಕಿತ್ತು ತನ್ನ ತೋಳಿಗೆ ಅಂಟಿಸಿಕೊಂಡಳು. ಇನ್ನೊಂದನ್ನು ಮುಂದೆ ಹೋಗಿ ಅವರ ಬಿಳಿ ಅಂಗಿಗೆ, ಕಾಲರಿನ ಕೆಳಗೆ, ಹೆಬ್ಬೆರಳಿಂದ ಒತ್ತಿ ಅಂಟಿಸಿದಳು.

“ಇಲ್ಲಿ ಒಲಿಗೆ ಬಿಟ್ಟದೆ ಸಾ.”

ಚಟ್ಟ ಎತ್ತಿದರು, ತಮಟೆ ಮತ್ತೆ ಶುರುವಾಯಿತು. ಕವನಾ ಹೆಂಗಸರ ಜೊತೆ ನಡೆದಳು. ಗೌರೀಶಂಕರ ಕಾರಿನ ಕನ್ನಡಿಗೆ ಬಗ್ಗಿ ಬಾಣವನ್ನು ಉಗುರಿನಿಂದ ಕೆರೆಯುತ್ತಿದ್ದರು. ಅವರದೇ ಫ್ಯಾಕ್ಟರಿಯ ಅಂಟು, ಗಟ್ಟಿ. ಬಾಲ ಕಿತ್ತು ಬಂತು. ಅವರ ಬಾಯಿಯ ಕಡೆಗೆ ತಿರುಗಿದ್ದ ಮೊನೆ ಬರಲಿಲ್ಲ.