ಹೊಂಡದ ಪಕ್ಕದ ಗಡಿಕಲ್ಲು

ಮಂಜಯ್ಯನವರು ಮೂರು ದಿನದಿಂದ ತಮ್ಮ ದಾಸಯ್ಯನ ಮನೆಗೆ ತಪ್ಪದೆ ಬರುತ್ತಿದ್ದರು. ಬೇರೆ ದಿನಗಳಲ್ಲಾದರೆ ಮೂರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಈಗ ಅವರನ್ನು ಎಳೆದು ತಂದದ್ದು ಒಂದು ಬಿಸ್ಕತ್ತಿನ ಡಬ್ಬಿ. ಕುದುರೆಮುಖದ ಗಣಿ ನಿಂತು ಟೌನ್‌ಶಿಪ್ ಖಾಲಿಯಾಗುವಾಗ ಗಂಗಾಧರಪ್ಪ ಎಂಬ ಎಂಜಿನಿಯರು ತನ್ನ ಹಳೆಯ ಫೋಟೋ ಸ್ಲೈಡುಗಳನ್ನೆಲ್ಲ ಅದರಲ್ಲಿ ತುಂಬಿ, ಅಲ್ಲಿ ತನ್ನ ಜೊತೆ ಕೆಲಸ ಮಾಡಿದ್ದ ದಾಸಯ್ಯನಿಗೆ ಕೊಟ್ಟು ಹೋಗಿದ್ದ. ದಾಸಯ್ಯನ ಮಗಳು ಕೃತಿಕಾ ಕಳಸದಲ್ಲಿ ಕಂಪ್ಯೂಟರ್ ಟೀಚರು. ಅವಳು ಸ್ಕ್ಯಾನರ್ ತಂದು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುತ್ತಿದ್ದಳು.

ಅದರಲ್ಲಿ ಆ ಒಂದು ಸ್ಲೈಡು ಇದ್ದೇ ಇರಬೇಕು. ಎಂಬತ್ತನಾಲ್ಕರಲ್ಲಿ ಅಪ್ಪ ತೋಟ ಪಾಲು ಮಾಡಿ ಗಡಿಕಲ್ಲು ನೆಡಿಸಿದ ದಿನ ದಾಸಯ್ಯನಿಗೆ ಡ್ಯೂಟಿ. ಗಂಗಾಧರಪ್ಪ ಮಾತ್ರ ಕ್ಯಾಮೆರಾ ಹಿಡಿದು ಬಂದಿದ್ದ. ರಸ್ತೆಯಿಂದ ನೋಡಿದರೆ ಎಡಗಡೆ ಮಂಜಯ್ಯನವರ ಪಾಲು, ಬಲಗಡೆ ದಾಸಯ್ಯನದು. ಕಲ್ಲು ನಿಂತದ್ದು ನೀರಿನ ಹೊಂಡದ ಎಡಕ್ಕೆ, ಅಂದರೆ ಹೊಂಡ ದಾಸಯ್ಯನಿಗೆ. ಆ ವಾರವೇ ಅಪ್ಪ ತೀರಿಕೊಂಡರು. ದಾಸಯ್ಯ ಬಂದು ತೋಟ ನೋಡುವ ಮೊದಲೇ ಮಂಜಯ್ಯನವರು ಆ ಕಲ್ಲನ್ನು ಕಿತ್ತು ಹೊಂಡದ ಬಲಕ್ಕೆ ನೆಟ್ಟರು. ಅಂದಿನಿಂದ ಪ್ರತಿ ಮಾರ್ಚಿನಲ್ಲೂ ಕಾಫಿ ಹೂವಿಗೆ ನೀರು ಹೊಡೆಯಲು ದಾಸಯ್ಯ ಅಣ್ಣನನ್ನು ಕೇಳಬೇಕಿತ್ತು.

ಸ್ಲೈಡುಗಳ ಧೂಳು ಒರೆಸಿ ಸ್ಕ್ಯಾನರಿಗೆ ಕೊಡುವ ಕೆಲಸವನ್ನು ಮಂಜಯ್ಯನವರು ತಾವಾಗಿಯೇ ಮೈಮೇಲೆ ಹಾಕಿಕೊಂಡರು. ಸಿಕ್ಕರೆ ಜೇಬಿಗಿಳಿಸುವ ಯೋಚನೆ. ಆದರೆ ಕೃತಿಕಾ ಪ್ರತಿಯೊಂದಕ್ಕೂ ನಂಬರು ಹಾಕಿದ್ದಳು. ಯಾಕೆ ಹಾಕಿದಳು? ದಾಸಯ್ಯ ಹೇಳಿಕೊಟ್ಟನೇ? ನಿನ್ನೆ ಹಲಸಿನ ಹಪ್ಪಳ ಕೊಡುವಾಗ ಅವನು ಸುಮ್ಮನೆ ನಕ್ಕದ್ದಾದರೂ ಏತಕ್ಕೆ? ಕಳ್ಳನ ಮನಸ್ಸಿಗೆ ಮನೆಯವರೆಲ್ಲ ಪೊಲೀಸರೇ. ಇಷ್ಟು ವರ್ಷ ಹಾಯಾಗಿ ನಿದ್ದೆ ಮಾಡಿದ ಮನುಷ್ಯ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಎಂಬತ್ತೊಂದನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅಪ್ಪ ಕಂಡರು. ಕೃತಿಕಾ ನೋಡುತ್ತಿದ್ದಳು, ಬೇರೆ ದಾರಿ ಕಾಣದೆ ಯಾವ ಮಗ್ಗುಲೆಂದೂ ನೋಡದೆ ಸ್ಕ್ಯಾನರಿಗೆ ತುರುಕಿದರು.

ಪರದೆಯ ಮೇಲೆ ಕಲ್ಲು ಹೊಂಡದ ಬಲಕ್ಕಿತ್ತು. ಮಂಜಯ್ಯನವರು ಕಣ್ಣುಜ್ಜಿಕೊಂಡು ನೋಡಿದರು. ಬಲಕ್ಕೇ. ತಾನು ಕಲ್ಲು ಕಿತ್ತದ್ದೇ ಸುಳ್ಳೇನೋ ಎಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿಬಿಟ್ಟಿತು.

“ದೊಡ್ಡಪ್ಪ, ಅಜ್ಜ ಎಡಚ್ರಾ?” ಕೃತಿಕಾ ಕೇಳಿದಳು. “ಕತ್ತಿ ಎಡಗೈಲಿದೆ ನೋಡಿ. ಸ್ಲೈಡ್ ಉಲ್ಟಾ ಹಾಕಿದ್ರೆ ಎಡ ಬಲ ಅದಲು ಬದಲಾಗುತ್ತೆ.”

ಅಪ್ಪ ಎಡಗೈಯಲ್ಲಿ ಲೋಟವನ್ನೂ ಎತ್ತಿದವರಲ್ಲ.

“ಹ್ಞೂಂ, ಎಡಚ್ರೇ,” ಅಂದರು ಮಂಜಯ್ಯನವರು. ಅಂದು ತಿರುಗಿದರೆ, ಬಾಗಿಲಲ್ಲಿ ದಾಸಯ್ಯ ಕಾಫಿ ಹಿಡಿದು ನಿಂತಿದ್ದ. ಅಪ್ಪನ ಕೈ ಅವನಿಗೂ ಗೊತ್ತು.

“ಹೌದು ಮಗಾ, ಅಜ್ಜ ಎಡಚ್ರೇ,” ಅಂದ ದಾಸಯ್ಯ. ಲೋಟವನ್ನು ಅಣ್ಣನ ಮುಂದಿಟ್ಟು ಮೆಲ್ಲಗೆ ಹೇಳಿದ: “ಗಂಗಾಧರಪ್ಪ ಇದನ್ನ ಆಗ್ಲೇ ಕ್ವಾರ್ಟರ್ಸ್ ಗೋಡೆ ಮೇಲೆ ಪ್ರೊಜೆಕ್ಟರಲ್ಲಿ ಬಿಟ್ಟು ತೋರ್ಸಿದ್ದ ಅಣ್ಣ. ಸರಿಯಾಗೇ ತೋರ್ಸಿದ್ದ. ಕಾಫಿ ಆರುತ್ತೆ, ಕುಡಿ.”

ಗೊತ್ತಿದ್ದೂ ಇಷ್ಟು ವರ್ಷ ಬಂದು ನೀರು ಕೇಳಿದ್ದನೇ ಇವನು! ಮಂಜಯ್ಯನವರಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ಕೃತಿಕಾ,” ಅಂದರು ಕೊನೆಗೆ, “ನಿಮ್ಮಜ್ಜ ಎಡಚ್ರಲ್ಲ. ಅದನ್ನ ತಿರುಗ್ಸಿ ಹಾಕು.”